ಸತ್ತೆ ಎನ್ನುವವನು ಯಾರು?

1995ರ ಬೇಸಿಗೆ ರಜೆಯಲ್ಲಿ ಮಾವ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಒಂದು ವಿಡಿಯೋ ಗೇಮ್ ತಂದುಕೊಟ್ಟರು. ಟೀವಿಗೆ ಸಿಕ್ಕಿಸುವ ಡಬ್ಬಿ, ಎರಡು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಕಾಂಟ್ರಾ ಆಡುತ್ತಿದ್ದೆ. ಒಂದೇ ಗುಂಡು ತಾಗಿದರೂ ಮುಗಿಯಿತು, ಇರುವುದು ಮೂರೇ ಲೈಫು. ‘ಅಯ್ಯೋ, ಸತ್ತೆ!’ ಎಂದು ನಾನು ಕೂಗಿದಾಗಲೆಲ್ಲ ಒಳಗೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ ‘ಬಿಡ್ತು ಅನ್ನು’ ಎನ್ನುತ್ತಿದ್ದರು. ಅನ್ನುವ ತನಕ ಬಿಡುತ್ತಿರಲಿಲ್ಲ. ಮೂರು ಲೈಫಿಗೆ ಮೂರು ಸಲ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಗೆಳೆಯನೊಬ್ಬ ಮೂವತ್ತು ಲೈಫಿನ ಕೋಡನ್ನು ಬಾಯಿಪಾಠ ಮಾಡಿಸಿದ ಮೇಲೆ ಮೂವತ್ತು ಸಲ. ‘ಅಜ್ಜೀ, ಸತ್ತದ್ದು ನಾನಲ್ಲ, ಟೀವಿಯೊಳಗಿನ ಗೊಂಬೆ’ ಎಂದು ಒಮ್ಮೆ ಹೇಳಿದೆ. ‘ಹಾಗಾದರೆ ಗೊಂಬೆ ಸತ್ತಿತು ಅನ್ನು. ಸತ್ತೆ ಅಂತ ಯಾಕೆ ಅಂತೀಯ?’ ಎಂದರು.

ಅಜ್ಜಿಯ ಆ ಪ್ರಶ್ನೆ ಮೂವತ್ತು ವರ್ಷದಿಂದ ನನ್ನ ಜೊತೆಗಿದೆ. ನಾನೀಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ರಾತ್ರಿ ಊಟವಾದ ಮೇಲೆ ಒಂದೂವರೆ ಗಂಟೆ ಆಡುತ್ತೇನೆ, ಆಡಿದ್ದರ ಬಗ್ಗೆ ಬರೆಯುತ್ತೇನೆ. ಆಡುವವರ ಮಾತನ್ನು ಗಮನಿಸುತ್ತ ಬಂದಿದ್ದೇನೆ. ಎಲ್ಲರೂ ಹೀಗೇ ಹೇಳುತ್ತಾರೆ. ಸತ್ತೆ, ಬಿದ್ದೆ, ಹೊಡೆದೆ, ಸಿಕ್ಕಿಬಿದ್ದೆ. ಬೇರೆ ಯಾವ ಕಲೆಯ ಮುಂದೆಯೂ ನಾವು ಹೀಗೆ ಮಾತಾಡುವುದಿಲ್ಲ. ‘ಬಂಗಾರದ ಮನುಷ್ಯ’ ನೋಡಿ ಬಂದವರು ರಾಜೀವ ಊರು ಬಿಟ್ಟು ಹೋದದ್ದಕ್ಕೆ ಕಣ್ಣೊರೆಸಿಕೊಂಡರೇ ಹೊರತು ‘ನಾನು ಊರು ಬಿಟ್ಟೆ’ ಎಂದವರಿಲ್ಲ.

ನಮ್ಮ ಅಲಂಕಾರಶಾಸ್ತ್ರದವರು ಇದಕ್ಕೆ ಕಾರಣ ಹೇಳಿದ್ದಾರೆ. ಭಟ್ಟನಾಯಕ ಅದನ್ನು ಸಾಧಾರಣೀಕರಣ ಎಂದು ಕರೆದ. ಅಭಿನವಗುಪ್ತ ಅದನ್ನು ಬೆಳೆಸಿದ. ರಂಗದ ಮೇಲಿನ ದುಃಖ ದುಷ್ಯಂತನದೂ ಅಲ್ಲ, ನಟನದೂ ಅಲ್ಲ, ನೋಡುವವನದೂ ಅಲ್ಲ. ಯಾರದೆಂಬ ಗುರುತು ಕಳಚಿಕೊಂಡಾಗ ಮಾತ್ರ ಅದು ರಸವಾಗುತ್ತದೆ. ಅದು ನನ್ನದೇ ದುಃಖವಾದರೆ ನಾನು ಎದ್ದು ಮನೆಗೆ ಓಡುತ್ತೇನೆ, ರಸ ಎಲ್ಲಿಂದ ಬಂತು? ಈ ವಿವರಣೆ ನಾಟಕಕ್ಕೆ, ಕಾವ್ಯಕ್ಕೆ, ಸಿನಿಮಾಕ್ಕೆ ಸರಿಯಾಗಿ ಕೂರುತ್ತದೆ. ಗೇಮಿನ ಎದುರು ಮಾತ್ರ ತಡವರಿಸುತ್ತದೆ. ಇಲ್ಲಿ ಗುರುತು ಕಳಚುವುದಿಲ್ಲ. ಬಟನ್ ಒತ್ತಿದ ಹೆಬ್ಬೆರಳು ಗುರುತಿನ ಸಮೇತ ನನ್ನದೇ.

ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ 2010ರ ಏಪ್ರಿಲ್‌ನಲ್ಲಿ ವಿಡಿಯೋ ಗೇಮ್ ಎಂದಿಗೂ ಕಲೆಯಾಗಲಾರದು ಎಂದು ಬರೆದಾಗ ಆಡುವವರೆಲ್ಲ ಸಿಡಿದೆದ್ದರು. ಕಲೆಯಲ್ಲಿ ಕಲಾವಿದ ನಮ್ಮ ಕೈಹಿಡಿದು ನಡೆಸುತ್ತಾನೆ, ಆಟದಲ್ಲಿ ಆಯ್ಕೆ ಆಡುವವನ ಕೈಗೆ ಹೋಗುತ್ತದೆ ಎಂಬುದು ಅವರ ಹಳೆಯ ತಕರಾರು. ಕೆಲವೇ ತಿಂಗಳಲ್ಲಿ, ಆಡದೆ ಇರುವ ಆಟಗಳ ಬಗ್ಗೆ ಮಾತೆತ್ತಬಾರದಿತ್ತು ಎಂದು ಅವರೇ ಒಪ್ಪಿಕೊಂಡರು. ಅಭಿಪ್ರಾಯ ಬದಲಿಸಲಿಲ್ಲ, ಆದರೆ ಮಾತನಾಡುವ ಅಧಿಕಾರ ತಮಗಿಲ್ಲ ಎಂದರು. ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಅವರ ತಕರಾರಿನಲ್ಲೂ ಒಂದು ನಿಜ ಇತ್ತು. ಆಡುವವನು ಪ್ರೇಕ್ಷಕನಲ್ಲ. ಹಾಗಾದರೆ ಯಾರು?

ನನಗೆ ಹೊಳೆದ ಉತ್ತರ ಯಕ್ಷಗಾನದವರು ವೇಷ ಕಟ್ಟುವ ಚೌಕಿಯಿಂದ ಬಂದದ್ದು. ನಮ್ಮೂರ ಹತ್ತಿರ ಕೀಚಕನ ಪಾತ್ರಕ್ಕೆ ಹೆಸರಾದ ಹಿರಿಯ ವೇಷಧಾರಿಯೊಬ್ಬರಿದ್ದರು. ಬೆಳಗಿನ ಜಾವ ಆಟ ಮುಗಿದ ಮೇಲೆ ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಹುಡುಗನಾಗಿದ್ದ ನಾನು ಹತ್ತಿರ ಹೋದರೆ ಕೈಸನ್ನೆಯಲ್ಲೇ ದೂರ ನಿಲ್ಲಿಸುತ್ತಿದ್ದರು. ಒಂದು ಲೋಟ ಚಹಾ ಕುಡಿದ ನಂತರವೇ ಮಾತು. ‘ಬಣ್ಣ ಎಣ್ಣೆಗೆ ಹೋಗ್ತದೆ. ಒಳಗಿಂದು ಹೋಗೋದಕ್ಕೆ ಸ್ವಲ್ಪ ಹೊತ್ತು ಬೇಕು’ ಎಂದಿದ್ದರು. ಸೈರಂಧ್ರಿಯನ್ನು ಅಟ್ಟಿಸಿಕೊಂಡು ಹೋದ ಪಾಪ ಅವರಿಗೆ ಅಂಟುತ್ತದೆ ಎಂದು ಯಾರೂ ಹೇಳುವುದಿಲ್ಲ. ಅದಕ್ಕೇ ವೇಷ, ಅದಕ್ಕೇ ಚೌಕಿಯಲ್ಲಿ ಗಣಪತಿ ಪೂಜೆ. ಆದರೆ ಅಷ್ಟು ಹೊತ್ತು ಕೀಚಕನ ಕಾಮವನ್ನು ತನ್ನ ಮೈಯಿಂದಲೇ ಎಬ್ಬಿಸಬೇಕಲ್ಲ, ಅದನ್ನು ಬೇರೆಯವರಿಂದ ಸಾಲ ತರುವುದಕ್ಕಾಗುವುದಿಲ್ಲ. ಕಂಟ್ರೋಲರ್ ಹಿಡಿದವನು ಸಭೆಯಲ್ಲಿ ಕೂತವನಲ್ಲ. ಅವನು ವೇಷ ಕಟ್ಟಿದವನು.

ಇದು ನನಗೆ ಬರಿಯ ಹೋಲಿಕೆಯಾಗಿ ಉಳಿಯದಂತೆ ಮಾಡಿದ್ದು ‘ಶ್ಯಾಡೋ ಆಫ್ ದಿ ಕೊಲೋಸಸ್’. ಜಪಾನಿನ ಫುಮಿತೊ ಉಎದಾ ನಿರ್ದೇಶಿಸಿದ ಈ ಆಟ 2005ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. ನಾನು ಆಡಿದ್ದು 2018ರ ಮರುನಿರ್ಮಾಣವನ್ನು. ಕತೆ ನಾಲ್ಕು ಸಾಲಿನದು. ಒಬ್ಬ ಯುವಕ ಸತ್ತ ಹುಡುಗಿಯೊಬ್ಬಳನ್ನು ಕುದುರೆಯ ಮೇಲೆ ಹೊತ್ತು ನಿಷಿದ್ಧ ನಾಡಿನ ಗುಡಿಗೆ ಬರುತ್ತಾನೆ. ಇಲ್ಲಿರುವ ಹದಿನಾರು ದೈತ್ಯರನ್ನು ಕೊಂದರೆ ಅವಳು ಬದುಕಬಹುದು ಎಂದು ಅಶರೀರವಾಣಿಯೊಂದು ಹೇಳುತ್ತದೆ. ಇಡೀ ನಾಡಿನಲ್ಲಿ ಬೇರೆ ಶತ್ರುಗಳಿಲ್ಲ, ಊರಿಲ್ಲ, ಮಾತಾಡುವವರಿಲ್ಲ. ಗಾಳಿ, ಹುಲ್ಲು, ಹಲ್ಲಿ, ಹಕ್ಕಿ, ಕುದುರೆ. ದೈತ್ಯನನ್ನು ಹುಡುಕಿ, ಅವನ ಮೈಯ ಕೂದಲು ಹಿಡಿದು ಹತ್ತಿ, ಹೊಳೆಯುವ ಜಾಗಕ್ಕೆ ಕತ್ತಿ ಚುಚ್ಚಬೇಕು. ಹಿಡಿದುಕೊಳ್ಳಲು ಒಂದು ಬಟನ್ ಒತ್ತಿಯೇ ಇರಬೇಕು. ದೈತ್ಯ ಮೈ ಕೊಡವಿದಾಗ ನನ್ನ ಬೆರಳು ನಿಜವಾಗಿಯೂ ನೋಯುತ್ತಿತ್ತು.

ಹದಿಮೂರನೆಯದು ಮರಳುಗಾಡಿನದು. ಮರಳಿನೊಳಗಿಂದ ಎದ್ದು, ಉದ್ದನೆಯ ಹಾವಿನಂಥ ಮೈಯನ್ನು ಆಕಾಶದಲ್ಲಿ ತೇಲಿಸುತ್ತ ಹೋಗುತ್ತದೆ. ಅದು ನನ್ನ ಮೇಲೆ ಬೀಳಲಿಲ್ಲ, ಬೆಂಕಿ ಉಗುಳಲಿಲ್ಲ, ತಿರುಗಿಯೂ ನೋಡಲಿಲ್ಲ. ಆಟದ ಉದ್ದಕ್ಕೂ ಅದು ಒಂದು ಸಲವೂ ದಾಳಿ ಮಾಡುವುದಿಲ್ಲ. ನಾನೇ ಬಾಣ ಬಿಟ್ಟು ಹೊಟ್ಟೆಯಡಿಯ ಗಾಳಿಚೀಲಗಳನ್ನು ಒಡೆದೆ. ಭಾರಕ್ಕೆ ಕೆಳಗಿಳಿದು ರೆಕ್ಕೆಗಳನ್ನು ಮರಳಿನ ಮೇಲೆ ಎಳೆಯುತ್ತ ಹೋಗುವಾಗ ಕುದುರೆಯನ್ನು ಸಮಕ್ಕೆ ಓಡಿಸಿ ಹಾರಿ ಹತ್ತಿದೆ. ಅದರ ಬೆನ್ನ ಮೇಲೆ ನಿಂತಾಗ ಕೆಳಗಿನ ಮರಳುಗಾಡು ಎಷ್ಟು ಚಂದ ಕಾಣುತ್ತಿತ್ತೆಂದರೆ ಒಂದು ಕ್ಷಣ ಮೈಮರೆತೆ. ಆಮೇಲೆ ಚುಚ್ಚಿದೆ. ಅದು ಬಿದ್ದಾಗ ಜಯದ ಸಂಗೀತ ಬರಲಿಲ್ಲ. ಈ ಆಟದಲ್ಲಿ ಯಾವ ಸಾವಿಗೂ ಅದು ಬರುವುದಿಲ್ಲ, ಶೋಕದ ಸ್ವರ ಬರುತ್ತದೆ. ಸತ್ತದ್ದರ ಮೈಯಿಂದ ಕಪ್ಪು ಎಳೆಗಳು ಹೊರಟು ಯುವಕನ ಎದೆಯನ್ನು ತೂರಿದವು. ಒಂದೊಂದು ಕೊಲೆಗೂ ಅವನ ಮುಖ ಬಿಳಿಚಿಕೊಳ್ಳುತ್ತ ಬಂದದ್ದನ್ನು ನಾನು ಆಗ ಗಮನಿಸಿದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಟ ಬರೆದವರು ದಾರಿ ಒಂದನ್ನೇ ಇಟ್ಟಿದ್ದಾರೆ, ಕೊಲ್ಲದೆ ಮುಂದೆ ಹೋಗುವಂತಿಲ್ಲ, ನಾನು ನಿಮಿತ್ತಮಾತ್ರ ಎಂದು ಮನಸ್ಸು ವಾದ ಹೂಡಿತು. ಗೀತೆಯ ವಿಶ್ವರೂಪ ದರ್ಶನದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವುದೂ ಅದನ್ನೇ. ಇವರೆಲ್ಲ ಆಗಲೇ ಸತ್ತವರು, ನೀನು ನಿಮಿತ್ತ. ಪ್ರೋಗ್ರಾಮ್ ಮಾಡಿದವನು ಕೋಡಿನಲ್ಲಿ ಆಗಲೇ ಕೊಂದಿಟ್ಟಿರುವ ದೈತ್ಯನಿಗೆ ಇದಕ್ಕಿಂತ ಸರಿಹೊಂದುವ ಮಾತು ಯಾವುದಿದೆ ಎಂದುಕೊಂಡೆ. ಬೆಳಗಾಗುವಷ್ಟರಲ್ಲಿ ಆ ಸಮಾಧಾನ ಉಳಿದಿರಲಿಲ್ಲ. ಅರ್ಜುನ ನಿಮಿತ್ತನಾಗುವ ಮೊದಲು ಬಿಲ್ಲು ಕೆಳಗಿಟ್ಟು ಕೂತಿದ್ದ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ, ನಡುಗಿದ. ನಾನು ಕಂಟ್ರೋಲರ್ ಕೆಳಗಿಡಲಿಲ್ಲ. ಮುಂದಿನದು ಯಾವುದು ಎಂದಷ್ಟೇ ನನಗೆ ಬೇಕಾಗಿತ್ತು. ಸತ್ತದ್ದು ಚಿತ್ರ, ಅದರಲ್ಲಿ ಸಂಶಯವಿಲ್ಲ. ಆ ಬೇಕು ಮಾತ್ರ ಚಿತ್ರವಲ್ಲ, ನನ್ನದು. ವೇದಾಂತಿಗಳು ಸೃಷ್ಟಿಯನ್ನು ಲೀಲೆ ಎನ್ನುವಾಗ ಈಶ್ವರನಿಗೆ ಬೇಕು ಎಂಬುದೇ ಇಲ್ಲ ಎಂದು ಮೊದಲು ಹೇಳಿರುತ್ತಾರೆ. ಬೇಕು ಇಟ್ಟುಕೊಂಡು ಆಡುವ ನಮ್ಮ ಆಟಕ್ಕೆ ಆ ಹೆಸರನ್ನು ಸುಲಭವಾಗಿ ಅಂಟಿಸಬಾರದು.

ಟೋಬಿ ಫಾಕ್ಸ್ ಎಂಬ ಯುವಕ 2015ರಲ್ಲಿ ಹೊರತಂದ ‘ಅಂಡರ್‌ಟೇಲ್’ ಇದನ್ನೇ ಇನ್ನೊಂದು ದಿಕ್ಕಿನಿಂದ ಕೇಳುತ್ತದೆ. ಅಲ್ಲಿ ಯಾರನ್ನೂ ಕೊಲ್ಲದೆ ಆಟ ಮುಗಿಸಬಹುದು. ನೆಲದಡಿಗೆ ಬಿದ್ದ ಮಗುವನ್ನು ಟೊರಿಯೆಲ್ ಎಂಬ ತಾಯಿಯಂಥ ಜೀವಿ ಸಾಕಿಕೊಳ್ಳುತ್ತಾಳೆ. ಹೊರಗೆ ಹೊರಟಾಗ ಅಡ್ಡ ನಿಲ್ಲುತ್ತಾಳೆ. ದಯೆಯ ಬಟನ್ ಮತ್ತೆ ಮತ್ತೆ ಒತ್ತುವ ತಾಳ್ಮೆ ನನಗಿರಲಿಲ್ಲ. ಕೊಂದೆ. ಸಂಕಟವಾಗಿ ಹಳೆಯ ಸೇವ್‌ಗೆ ಮರಳಿ, ಈ ಸಲ ಅವಳನ್ನು ಉಳಿಸಿ ಹೊರಬಂದೆ. ಬಾಗಿಲಾಚೆ ಕಾದಿದ್ದ ಫ್ಲೋವಿ ಎಂಬ ಹೂವು, ನೀನು ಮೊದಲು ಏನು ಮಾಡಿದ್ದೆ ಎಂಬುದು ನನಗೆ ಗೊತ್ತು ಎಂದಿತು. ಸಂಚಿತ ಕರ್ಮದ ಬಗ್ಗೆ ಎಷ್ಟೋ ಪ್ರವಚನ ಕೇಳಿದ್ದೇನೆ. ಬೆನ್ನುಹುರಿಯಲ್ಲಿ ತಣ್ಣಗಾದದ್ದು ಅವತ್ತು.

ಇಂಥ ಆಟಗಳಿಗೆ ಹತ್ತಕ್ಕೆ ಎಷ್ಟು ಅಂಕ? ನಾನು ವರ್ಷಕ್ಕೆ ನೂರಾರು ಉತ್ತರಪತ್ರಿಕೆ ತಿದ್ದುವವನು. ಅಂಕ ಯಾಕೆ ಬೇಕು, ಎಲ್ಲಿ ಸಲ್ಲುತ್ತದೆ ಎಂಬುದು ನನಗೆ ಗೊತ್ತು. ಲೆಕ್ಕಕ್ಕೆ ಸರಿ ಉತ್ತರ ಇರುತ್ತದೆ, ಮಗು ಎಷ್ಟು ಹೆಜ್ಜೆ ಸರಿಯಾಗಿ ಇಟ್ಟಿತು ಎಂದು ಎಣಿಸಬಹುದು. ಆಟಕ್ಕೆ ಸರಿ ಉತ್ತರ ಎಲ್ಲಿದೆ? ಆದರೂ ವಿಮರ್ಶೆಗಳ ಅಂಕಗಳ ಸರಾಸರಿ ತೆಗೆದು ನೂರಕ್ಕೆ ಇಷ್ಟೆಂದು ತೋರಿಸುವ ಮೆಟಾಕ್ರಿಟಿಕ್ 2001ರಿಂದ ನಡೆಯುತ್ತಿದೆ. ‘ಫಾಲ್‌ಔಟ್: ನ್ಯೂ ವೇಗಾಸ್’ (2010) ಮಾಡಿದ ಅಬ್ಸಿಡಿಯನ್ ಸಂಸ್ಥೆಗೆ ಅಲ್ಲಿ 85 ಬಂದರೆ ಬೋನಸ್ ಎಂಬ ಒಪ್ಪಂದವಿತ್ತು, ಬಂದದ್ದು 84 ಎಂದು ಅದರ ಕ್ರಿಸ್ ಅವೆಲೋನ್ 2012ರಲ್ಲಿ ತಿಳಿಸಿದರು. ದುಡಿದವರ ಬೋನಸ್ಸನ್ನು ಆ ಒಂದು ಅಂಕ ತಿಂದುಹಾಕಿತು. ಅಂಕ ಬರೆದ ವಿಮರ್ಶಕರಿಗೆ ತಾವು ತಕ್ಕಡಿಯ ಯಾವ ತಟ್ಟೆಯಲ್ಲಿ ಕಲ್ಲು ಇಡುತ್ತಿದ್ದೇವೆ ಎಂಬುದೂ ತಿಳಿದಿರಲಿಕ್ಕಿಲ್ಲ.

ಕೆಲವು ವರ್ಷಗಳ ಹಿಂದೆ ಪತ್ರಿಕೆಯೊಂದಕ್ಕೆ ನಾನೂ ಏಳು ವಿಮರ್ಶೆ ಬರೆದೆ, ಐದು ನಕ್ಷತ್ರಗಳ ಲೆಕ್ಕದಲ್ಲಿ. ಎಂಟನೆಯದು ‘ದಟ್ ಡ್ರ್ಯಾಗನ್, ಕ್ಯಾನ್ಸರ್’. ರಾಯನ್ ಮತ್ತು ಏಮಿ ಗ್ರೀನ್ ದಂಪತಿ ತಮ್ಮ ಮಗ ಜೋಯೆಲ್‌ನ ಕಾಯಿಲೆಯ ಬಗ್ಗೆ ಮಾಡಿದ ಆಟ. ಮಾಡುತ್ತಿರುವಾಗಲೇ, 2014ರಲ್ಲಿ, ಐದು ವರ್ಷದ ಮಗು ತೀರಿಕೊಂಡಿತು. ಆಟ 2016ರಲ್ಲಿ ಬಂತು. ಅದರಲ್ಲಿ ಒಂದು ಆಸ್ಪತ್ರೆಯ ರಾತ್ರಿ ಇದೆ. ಮಗು ಅಳುತ್ತದೆ. ಎತ್ತಿಕೊಂಡೆ, ಕುಡಿಯಲು ಕೊಟ್ಟೆ, ಕೋಣೆಯಲ್ಲಿ ಇರುವುದನ್ನೆಲ್ಲ ಮುಟ್ಟಿ ನೋಡಿದೆ. ಅಳು ನಿಲ್ಲಲಿಲ್ಲ. ಬಟನ್ ಒತ್ತಿದರೆ ಏನಾದರೂ ಆಗುತ್ತದೆ ಎಂಬುದು ಆಟಗಳು ನಮಗೆ ಕೊಟ್ಟಿರುವ ಮೊದಲ ನಂಬಿಕೆ. ಇಲ್ಲಿ ಏನೂ ಆಗಲಿಲ್ಲ. ಕೊನೆಗೆ ಆ ತಂದೆ ಪ್ರಾರ್ಥನೆಗೆ ಕೂರುತ್ತಾನೆ. ನಾನು ಕ್ರೈಸ್ತನಲ್ಲ, ಅವರ ದೇವರಿಗೆ ನನ್ನಲ್ಲಿ ಬೇರೆ ಹೆಸರಿದೆ. ಆದರೆ ಕೈ ಸೋತ ಮೇಲೆ ಉಳಿಯುವ ಪ್ರಾರ್ಥನೆ ಎಂದರೇನೆಂದು ನನ್ನ ಕೈಗೇ ತಿಳಿಸಿದ್ದು ಆ ಕೋಣೆ. ಅದಕ್ಕೆ ನಕ್ಷತ್ರ ಕೊಡಲು ನನ್ನಿಂದಾಗಲಿಲ್ಲ. ನಕ್ಷತ್ರವಿಲ್ಲದೆ ಅವರು ಅಚ್ಚು ಹಾಕಲಿಲ್ಲ. ನನ್ನ ವಿಮರ್ಶೆಗಳು ಅಲ್ಲಿಗೆ ನಿಂತವು.

ವಿಮರ್ಶೆಯೇ ಬೇಡ ಎನ್ನುತ್ತಿಲ್ಲ. ಪ್ಲೇಸ್ಟೇಷನ್ 5ರ ಒಂದು ದೊಡ್ಡ ಆಟಕ್ಕೆ ಸಾವಿರಾರು ರೂಪಾಯಿ ಕೊಡುವ ಹುಡುಗನಿಗೆ ಅದು ಅರ್ಧದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆಯೇ, ಒಳಗೆ ಮತ್ತೆ ಹಣ ಕೇಳುತ್ತದೆಯೇ ಎಂದು ಹೇಳಲೇಬೇಕು, ಅದು ವಿಮರ್ಶಕನ ಋಣ. ಅಷ್ಟಕ್ಕೇ ನಿಂತರೆ ಅದು ಸಾಮಾನಿನ ತಪಾಸಣೆ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕೂತ ಎರಡು ಹಕ್ಕಿಗಳಿವೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ಎಲ್ಲರಿಗಿಂತ ಮೊದಲು ಬರೆಯಬೇಕೆಂದು ನಲವತ್ತು ಗಂಟೆಯ ಆಟವನ್ನು ಮೂರು ದಿನದಲ್ಲಿ ನುಂಗಿದವನಲ್ಲಿ ತಿನ್ನುವ ಹಕ್ಕಿ ಮಾತ್ರ ಇದೆ. ಬೇರೆಯವರು ಆಡಿದ ವಿಡಿಯೋ ನೋಡಿ ತೀರ್ಪು ಕೊಡುವವನಲ್ಲಿ ನೋಡುವ ಹಕ್ಕಿ ಮಾತ್ರ, ಅದೂ ಬೇರೆ ಮರದ್ದು. ಆಡಿದ ಕೈಯೂ ಅದನ್ನು ನೋಡಿದ ಕಣ್ಣೂ ಒಬ್ಬನದೇ ಆಗಿದ್ದಾಗ ಬರುವ ಮಾತು ಸಾಕ್ಷಿಯ ಮಾತು. ಎಲ್ಲಿ ಬೇಸತ್ತೆ, ಎಲ್ಲಿ ಆಸೆಪಟ್ಟೆ, ಯಾರನ್ನು ಯಾಕೆ ಹೊಡೆದೆ, ಹೊಡೆಯುವಾಗ ಒಳಗೆ ಏನಿತ್ತು. ಅದನ್ನು ಅವನಲ್ಲದೆ ಬೇರೆಯವರು ಹೇಳಲಾರರು. ಅಭಿನವಗುಪ್ತ ಗೇಮ್ ನೋಡಿದ್ದರೆ ಸಹೃದಯನ ಪಕ್ಕದಲ್ಲಿ ಇವನಿಗೂ ಒಂದು ಹೆಸರು ಇಡುತ್ತಿದ್ದನೇನೋ.

ಈಗ ನಾನು ಬರೆಯುವುದು ಉದ್ದ ರೂಲಿನ ನೋಟ್‌ಬುಕ್ಕಿನಲ್ಲಿ. ಅಂಕದ ಜಾಗದಲ್ಲಿ ನಾನು ಏನು ಮಾಡಿದೆ ಎಂಬುದನ್ನು ಬರೆಯುತ್ತೇನೆ, ‘ಗೊಂಬೆ ಮಾಡಿತು’ ಎಂದಲ್ಲ. ನನ್ನ ಬಳಿ ಟ್ಯೂಷನ್‌ಗೆ ಬರುವ ಮಕ್ಕಳಲ್ಲಿ ಇಬ್ಬರು ಇದನ್ನು ನೋಡಿ ತಾವೂ ಬರೆಯಲು ಶುರುಮಾಡಿದ್ದಾರೆ.

ಹೋದ ಬೇಸಿಗೆಯಲ್ಲಿ ‘ಶ್ಯಾಡೋ ಆಫ್ ದಿ ಕೊಲೋಸಸ್’ ಎರಡನೆಯ ಸಲ ಆಡಿದೆ. ಮರಳುಗಾಡಿಗೆ ಹೋಗಿ, ಅದು ಮರಳಿನಿಂದೆದ್ದು ಆಕಾಶಕ್ಕೆ ಏರಿದ್ದನ್ನು ಕುದುರೆಯ ಮೇಲೆ ಕೂತು ತುಂಬ ಹೊತ್ತು ನೋಡಿದೆ. ಬಾಣ ಬಿಡಲಿಲ್ಲ. ಕಂಟ್ರೋಲರ್ ಕೆಳಗಿಟ್ಟೆ. ನನ್ನ ಆ ಸೇವ್ ಇವತ್ತಿಗೂ ಹನ್ನೆರಡರಲ್ಲೇ ಇದೆ.