ಹಪ್ಪಳ ಕಾಯುವ ಕೆಲಸ

ಸಾಗರದ ಹತ್ತಿರದ ನಮ್ಮ ಅಜ್ಜನ ಮನೆಯಲ್ಲಿ ಬೇಸಿಗೆಗೆಂದೇ ಒಂದು ಕೋಲು ಇತ್ತು. ಬಿದಿರಿನ ಗಳುವಿನ ತುದಿಗೆ ಹರಿದ ಕೊಡೆಯ ಕಪ್ಪು ಬಟ್ಟೆ ಕಟ್ಟಿದ್ದು. ಅಂಗಳದಲ್ಲಿ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ, ಪಕ್ಕದಲ್ಲಿ ಆ ಕೋಲು ಹಿಡಿದು ಕೂತ ಒಂಬತ್ತು ವರ್ಷದ ನಾನು. ಕಾಗೆ ಬಂದರೆ ಓಡಿಸಬೇಕು, ದನ ಒಳಗೆ ನುಗ್ಗಿದರೆ ಕೂಗಬೇಕು, ಮೋಡ ಕವಿದರೆ ಓಡಿಹೋಗಿ ಹೇಳಬೇಕು. ಸಂಬಳ ದಿನಕ್ಕೆ ಎರಡು ಅರೆ ಒಣಗಿದ ಹಪ್ಪಳ. ತಿನ್ನುತ್ತಿದ್ದದ್ದು ಆರೋ ಏಳೋ. ಸಂಜೆ ಎಣಿಸಿ ಒಳಗಿಡುವಾಗ ಅಜ್ಜಿ ಯಾರಿಗೆಂದಿಲ್ಲದೆ ಹೇಳುತ್ತಿದ್ದಳು: "ಈ ಸಲದ ಕಾಗೆ ಚಡ್ಡಿ ಹಾಕ್ಯಂಡು ಬಂದ ಹಾಂಗೆ ಕಾಣ್ತು."

ಈಗ ಮಾರ್ಚ್ ಮುಗಿಯುತ್ತಿದ್ದಂತೆ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದೇ ಮಾತು. ರಜದಲ್ಲಿ ಮಕ್ಕಳನ್ನು ಏನು ಮಾಡೋದು? 2025ರಲ್ಲಿ ರಾಜ್ಯದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಇತ್ತು. ಲೆಕ್ಕ ಹಾಕಿದರೆ 48 ದಿನ. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಯಲ್ಲಿ 48 ದಿನ ಅಂದರೆ ಸಣ್ಣ ಸಂಗತಿಯಲ್ಲ. ಹಾಗಾಗಿ ಬೇಸಿಗೆ ಶಿಬಿರ ಸೇರಿಸುವವರನ್ನು ಕಂಡು ನಗುವ ಧೈರ್ಯ ನನಗಿಲ್ಲ. ನಾನೇ ಸೇರಿಸಿದ್ದೇನೆ. ಮಗನಿಗೆ ಆಗ ಎಂಟು ವರ್ಷ. ಎರಡು ವಾರದ ಶಿಬಿರ, ಬೆಳಿಗ್ಗೆ ಒಂಬತ್ತೂವರೆಗೆ ವ್ಯಾನು ಬರುತ್ತಿತ್ತು, ಮಧ್ಯಾಹ್ನ ಒಂದಕ್ಕೆ ವಾಪಸು ತಂದು ಬಿಡುತ್ತಿತ್ತು. ಬರುವಾಗ ದಿನಕ್ಕೊಂದು ಬಣ್ಣ ಬಳಿದ ಪೇಪರ್ ಪ್ಲೇಟು. ಒಂದು ದಿನ ಸಿಂಹ, ಇನ್ನೊಂದು ದಿನ ಸೂರ್ಯ, ಮತ್ತೊಂದು ದಿನ ಸಿಂಹವೋ ಸೂರ್ಯನೋ ಹೇಳಲಾಗದ್ದು. ಕೊನೆಯ ದಿನ ಕೇಳಿದೆ, ಯಾವುದು ಚೆನ್ನಾಗಿತ್ತೋ? ತಡಮಾಡದೆ ಹೇಳಿದ: "ವ್ಯಾನು."

ವಿಚಾರಿಸಿದಾಗ ತಿಳಿಯಿತು. ನಮ್ಮ ಗಲ್ಲಿಯ ತಿರುವಿನಲ್ಲಿ ವ್ಯಾನು ರಿವರ್ಸ್ ತೆಗೆಯಬೇಕು. ಡ್ರೈವರ್ ಇವನನ್ನು ಮೊದಲೇ ಇಳಿಸಿ, ಜಗಲಿಯ ಮೇಲೆ ನಿಲ್ಲಿಸಿ, "ಬರ್ಲಿ ಬರ್ಲಿ" ಅನ್ನುವ ಕೆಲಸ ಒಪ್ಪಿಸಿದ್ದನಂತೆ. ಇವನು ಸ್ಟಾಪ್ ಅನ್ನುವ ತನಕ ವ್ಯಾನು ನಿಲ್ಲುವುದಿಲ್ಲ. ಡ್ರೈವರ್ ಕನ್ನಡಿ ನೋಡುತ್ತಿದ್ದ ಎನ್ನುವುದು ನನಗೆ ಗೊತ್ತು, ಮಗನಿಗೆ ಹೇಳಲಿಲ್ಲ.

ಆ ರಾತ್ರಿ ನನಗೆ ಹಪ್ಪಳದ ಕೋಲು ನೆನಪಾಯಿತು.

ಅಜ್ಜನ ಮನೆಯಲ್ಲಿ ನಮ್ಮನ್ನು ಯಾರೂ ರಂಜಿಸಲಿಲ್ಲ. ಅವರಿಗೆ ಪುರುಸೊತ್ತೂ ಇರಲಿಲ್ಲ. ಹಪ್ಪಳ ಮಾಡುವ ದಿನ ಬೆಳಿಗ್ಗೆಯೇ ಬಲಿತ ಹಲಸಿನಕಾಯಿ ಹೆಚ್ಚಿ, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಬೇಕು. ಎಣ್ಣೆ ಹಚ್ಚದಿದ್ದರೆ ಮೇಣ ಸಂಜೆಯವರೆಗೂ ಬಿಡುವುದಿಲ್ಲ. ತೊಳೆ ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಬಿಸಿ ಆರುವ ಮೊದಲೇ ಕುಟ್ಟಬೇಕು. ಕುಟ್ಟಿದ ಹಿಟ್ಟಿನಲ್ಲಿ ಒಂದು ಪಾಲು ನಮ್ಮ ಹೊಟ್ಟೆಗೇ ಹೋಗುತ್ತಿತ್ತು, ಅದು ಎಲ್ಲರೂ ಒಪ್ಪಿಕೊಂಡ ಕಳ್ಳತನ. ಉಂಡೆ ಕಟ್ಟುವುದು ಸಣ್ಣವರು. ಎಣ್ಣೆ ಸವರಿದ ಎರಡು ಹಾಳೆಯ ನಡುವೆ ಉಂಡೆ ಇಟ್ಟು, ಮೇಲೆ ಮಣೆ ಇಟ್ಟು ಒತ್ತುವುದು ದೊಡ್ಡಮ್ಮ. ಭಾರ ಸಾಲದಿದ್ದರೆ ಮಣೆಯ ಮೇಲೆ ಒಬ್ಬ ಹುಡುಗನನ್ನು ಹತ್ತಿಸುವುದು. ಆ ಹುಡುಗನಾಗಲು ನಮ್ಮಲ್ಲಿ ಜಗಳವೇ ಆಗುತ್ತಿತ್ತು. ತೂಕ ಹೆಚ್ಚಿದವನಿಗೆ ಮರ್ಯಾದೆ ಸಿಗುವ ಇನ್ನೊಂದು ಜಾಗ ನಾನು ಇವತ್ತಿನವರೆಗೆ ಕಂಡಿಲ್ಲ.

ಮಧ್ಯಾಹ್ನದ ಮೇಲೆ ಲಗೋರಿ, ಚಿನ್ನಿದಾಂಡು, ಚೌಕಾಬಾರ ಎಲ್ಲ ಇತ್ತು. ಅವುಗಳ ಗುಣಗಾನ ಈಗಾಗಲೇ ಸಾಕಷ್ಟು ಜನ ಮಾಡಿದ್ದಾರೆ, ಬಿಡಿ. ನನಗೆ ನೆನಪಿರುವುದು ಆಟಕ್ಕಿಂತ ಹೆಚ್ಚಾಗಿ, ನಾನು ಕೋಲು ಬಿಟ್ಟು ಎದ್ದು ಹೋದರೆ ಹಪ್ಪಳ ಕಾಗೆ ಪಾಲಾಗುತ್ತದೆ ಎನ್ನುವ ಆತಂಕ. ಅದರೊಳಗೇ ಒಂದು ಜಂಬ.

ಒಳ್ಳೆಯ ಶಿಬಿರಗಳಿಗೂ ಈ ಗುಟ್ಟು ಗೊತ್ತಿದೆ ಅನಿಸುತ್ತದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಮೈಸೂರಿನ ರಂಗಾಯಣದಲ್ಲಿ ಬೇಸಿಗೆಗೆ ಚಿಣ್ಣರ ಮೇಳ ನಡೆಯುತ್ತದೆ. ಕೊನೆಗೆ ಮಕ್ಕಳು ನಾಟಕ ಆಡುತ್ತಾರೆ. ನಾಟಕದ ಗಮ್ಮತ್ತು ಇರುವುದೇ ಅಲ್ಲಿ: ಮರದ ಪಾತ್ರ ಮಾಡುವ ಹುಡುಗ ಜ್ವರ ಬಂದು ಮಲಗಿದರೆ ಆವತ್ತು ಕಾಡಿನಲ್ಲಿ ಒಂದು ಮರ ಕಡಿಮೆ. ಪೇಪರ್ ಪ್ಲೇಟಿನ ಸಿಂಹಕ್ಕೆ ಆ ಭಾಗ್ಯವಿಲ್ಲ. ನನ್ನ ಮಗ ಒಂದು ದಿನ ಹೋಗದಿದ್ದರೂ ಯಾರಿಗೂ ಏನೂ ಕಡಿಮೆಯಾಗುತ್ತಿರಲಿಲ್ಲ. ಮನೆಗೆ ಒಂದು ಪ್ಲೇಟು ಕಡಿಮೆ ಬರುತ್ತಿತ್ತು, ಅಷ್ಟೆ.

ಹಾಗೆಂದು ಅಜ್ಜನ ಮನೆಯನ್ನು ಸ್ವರ್ಗ ಮಾಡಲು ಹೋದರೆ ನನ್ನ ಅಕ್ಕ ಬೈಯುತ್ತಾಳೆ. "ನೀವು ಹುಡುಗರು ಕಾಗೆ ಓಡಿಸ್ತಾ ಇದ್ದಾಗ ನಾವು ಹದಿನೈದು ಜನರ ತಟ್ಟೆ ತೊಳೀತಾ ಇದ್ವಿ" ಎನ್ನುವುದು ಅವಳ ಮಾತು. ನಿಜ. ದೊಡ್ಡಮ್ಮನಿಗೆ ರಜೆ ಎಂದರೆ ದುಪ್ಪಟ್ಟು ಅಡುಗೆ. ಇನ್ನೊಂದು ಮಾತೂ ಇದೆ. ಊರಿಗೆ ಹೋದ ಮಕ್ಕಳು ಕೆರೆಗೆ, ಹೊಳೆಗೆ ಇಳಿದು ಮುಳುಗಿದ ಸುದ್ದಿ ಬರದೆ ಯಾವ ಬೇಸಿಗೆಯೂ ಕಳೆಯುವುದಿಲ್ಲ. ಈಗ ಕೃಷಿ ಹೊಂಡಗಳೂ ಸೇರಿಕೊಂಡಿವೆ. ನೀರು ಇಂಗದಿರಲೆಂದು ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಇಳಿದವನಿಗೆ ಹತ್ತಲು ಕಾಲು ನಿಲ್ಲುವುದಿಲ್ಲ, ಈಜು ಬಂದರೂ ಕಷ್ಟ. ನಮ್ಮ ಕಾಲದಲ್ಲಿ ಮಾವ ಸೊಂಟಕ್ಕೆ ಒಣ ತೆಂಗಿನಕಾಯಿ ಜೋಡಿ ಕಟ್ಟಿ ಕೆರೆಗೆ ಇಳಿಸುತ್ತಿದ್ದ. ದಂಡೆಯ ಮೇಲೆ ಅವನಿಲ್ಲದೆ ಯಾರೂ ನೀರು ಮುಟ್ಟುವಂತಿರಲಿಲ್ಲ. ಮಕ್ಕಳನ್ನು ಬಿಟ್ಟುಬಿಡಿ ಎಂದು ಉಪದೇಶ ಮಾಡುವವರು ಆ ಮಾವನನ್ನು ಮರೆತುಬಿಡುತ್ತಾರೆ.

ಎಂಟು ವರ್ಷದವರ ಕಥೆ ಹೇಗೋ ಆಗುತ್ತದೆ. ಹದಿನಾಲ್ಕರವರದ್ದು ಬೇರೆ. ಮಗಳು ಈ ರಜದಲ್ಲಿ ಹನ್ನೊಂದಕ್ಕೆ ಏಳುತ್ತಿದ್ದಳು. ಕರೆದರೆ "ಹ್ಞೂಂ", ಊಟಕ್ಕೆ "ಆಮೇಲೆ", ಸಂಜೆ ವಾಕಿಂಗಿಗೆ "ಬೇಜಾರು". ಆ ವಯಸ್ಸಿನಲ್ಲಿ ಮೈಯ ಗಡಿಯಾರವೇ ಒಂದೆರಡು ಗಂಟೆ ತಡವಾಗಿ ಓಡುತ್ತದೆ, ನಿದ್ದೆಯೇ ತಡವಾಗಿ ಬರುತ್ತದೆ ಎಂದು ಓದಿದ ಮೇಲೆ ಬೆಳಿಗ್ಗೆಯ ಕೂಗಾಟವನ್ನು ನಾನು ನಿಲ್ಲಿಸಿದೆ. ಮನೆಯಲ್ಲಿ ಶಾಂತಿ ಬಂತು. ಬೇಜಾರು ಹೋಗಲಿಲ್ಲ.

ಅಮ್ಮ ಊರಿನಿಂದ ಬಂದವಳು ಈ ಬಗ್ಗೆ ಏನೂ ಹೇಳಲಿಲ್ಲ. ಒಂದು ರಾತ್ರಿ ಒಂದು ಸೇರು ಸಬ್ಬಕ್ಕಿ ನೆನೆಹಾಕಿದಳು. ಬೆಳಿಗ್ಗೆ ಅದನ್ನು ಪಾರದರ್ಶಕವಾಗುವ ತನಕ ಕಾಯಿಸಿ, ಹಸಿಮೆಣಸು, ಉಪ್ಪು, ಜೀರಿಗೆ, ನಿಂಬೆಹಣ್ಣು ಹಾಕಿ, ಟೆರೇಸಿನ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ ಚಮಚದಲ್ಲಿ ಸಂಡಿಗೆ ಇಟ್ಟಳು. ಸಾಲು ಸಾಲಾಗಿ ಇನ್ನೂರಕ್ಕೂ ಹೆಚ್ಚು. ಆಮೇಲೆ ಮಂಡಿ ಹಿಡಿದುಕೊಂಡು ಕೆಳಗಿಳಿದು, ಆಗಷ್ಟೇ ಎದ್ದ ಮೊಮ್ಮಗಳಿಗೆ ಹೇಳಿದಳು: "ನಂಗೆ ಮತ್ತೆ ಮೆಟ್ಟಿಲು ಹತ್ತಕ್ಕಾಗ್ತಿಲ್ಲೆ ಕೂಸೆ. ಪಾರಿವಾಳ ಬಾಯಿ ಹಾಕಿದ್ರೆ ಎಲ್ಲ ಹೋತು. ನೀನೇ ನೋಡಿಕ್ಯ."

ಮಗಳು ಮುಖ ಸಿಂಡರಿಸಿಕೊಂಡೇ ಹೋದಳಂತೆ, ಮೊಬೈಲು ಹಿಡಿದುಕೊಂಡೇ. ತಮ್ಮನನ್ನು ಎರಡನೇ ಪಾಳಿಗೆ ಹಾಕಿದಳಂತೆ. ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ನೇತುಹಾಕಿದಳಂತೆ, ಹೊಳಪಿಗೆ ಹಕ್ಕಿ ಬರುವುದಿಲ್ಲ ಎಂದು. ಬಂದವಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಎರಡನೆಯ ದಿನ ಮಧ್ಯಾಹ್ನ ಮೂರೂಮುಕ್ಕಾಲಿಗೆ ಆಫೀಸಿನಲ್ಲಿ ಮೀಟಿಂಗಿನ ನಡುವೆ ಫೋನು ಅಲುಗಿತು. ಮಗಳು. ತಾನಾಗಿ ಫೋನು ಮಾಡಿ ಎಷ್ಟು ದಿನವಾಗಿತ್ತೋ. ಗಾಬರಿಯಾಗಿ ಹೊರಗೆ ಬಂದು ಎತ್ತಿದೆ.

"ಅಪ್ಪಾ, ನಿಮ್ಮ ಆಫೀಸಿನ ಕಡೆ ಮೋಡ ಆಗಿದ್ಯಾ? ಇಲ್ಲಿ ಕಪ್ಪಾಗ್ತಿದೆ. ಇನ್ನೂ ಒಂದು ಬದಿ ಒಣಗಿಲ್ಲ. ತೆಗೀಲಾ, ಇನ್ನು ಹತ್ತು ನಿಮಿಷ ಬಿಡ್ಲಾ?"

ಕಿಟಕಿಯ ಹತ್ತಿರ ಹೋಗಿ ಆಕಾಶ ನೋಡಿದೆ.