ಬಾಡಿಗೆ ಮನೆಯ ಹಿತ್ತಲು

ಊರು ಬಿಡುವುದು ಗೊತ್ತಾದ ಮೇಲೆ ಹಿತ್ತಲಲ್ಲಿ ಬೀಜ ಊರುವುದು ಸರಿಯೆ? ಇದೂ ಒಂದು ಪ್ರಶ್ನೆಯೆ ಎಂದು ನೀವು ನಗಬಹುದು. ಧರ್ಮಸೂಕ್ಷ್ಮಗಳೆಲ್ಲ ಪುರಾಣದ ರಾಜರಾಣಿಯರಿಗೆ ಎದುರಾಗುವಂಥವು, ಬಾಡಿಗೆ ಮನೆಯ ನಮ್ಮಂಥವರಿಗೆ ಇರುವುದು ಹಾಲು, ಗ್ಯಾಸು, ನಲ್ಲಿನೀರಿನ ಪ್ರಶ್ನೆಗಳು ಮಾತ್ರ ಎಂದೇ ಬಹುಕಾಲ ನಾನೂ ನಂಬಿದ್ದವಳು. ಆದರೆ ಈ ಆಷಾಢದಲ್ಲಿ ಒಂದು ಹದ ಮಳೆ ಬಿದ್ದು ನಾನು ಬೇಲಿಯ ಬುಡದಲ್ಲಿ ಅವರೆ ಬೀಜ ಹಾಕುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ ಕೇಳಿದರು:

“ಏನವ್ವಾ, ಸಂಕ್ರಾಂತಿಗೆ ಮುಂಚೆ ಗಂಟುಮೂಟೆ ಕಟ್ಟೋಳು ಅವರೆ ಬೀಜ ಊರ್ತಾ ಕುಂತಿದೀಯಲ್ಲ, ಕಾಯಿ ತಿನ್ನೋರು ಯಾರು?”

“ಹೂವು ನಾವು ನೋಡ್ತೀವಿ, ಕಾಯಿ ಬಂದೋರು ತಿಂತಾರೆ ಬಿಡಿ ಅಜ್ಜಿ” ಎಂದೆ.

“ಬಂದೋರು ಎಲ್ಲಾನೂ ಕಿತ್ತಾಕಿ ಸಿಮೆಂಟು ಬಳುದು ಕಾರು ನಿಲ್ಲಿಸ್ಕಂಡ್ರೆ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಗಿಡಗಳಿಗೆ ನೀರು ಹಾಕುವಾಗಲೆಲ್ಲ ಅಜ್ಜಿಯ ಮಾತು ಕಾಲಿಗೆ ತೊಡರುತ್ತದೆ.

ಈ ಊರಿನಲ್ಲಿ ನೀರು ಎಂದರೆ ಸುಮ್ಮನೆಯ ಮಾತಲ್ಲ, ನೋಡಿ. ರೈಲಿನ ಕಿಟಕಿಯಿಂದ ನೋಡುವವರಿಗೆ ತಿಪಟೂರಿನ ಸುತ್ತ ಎಲ್ಲೆಲ್ಲೂ ತೆಂಗು, ಎಲ್ಲೆಲ್ಲೂ ಹಸಿರು. ನೀರಿನ ಸೀಮೆಯೆಂದೇ ತಿಳಿಯುತ್ತಾರೆ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಬಯಲುಸೀಮೆಯ ಒಣ ನೆಲ. ತೆಂಗಿಗೆ ಹೆಸರಾದ ಕರಾವಳಿಯಲ್ಲಿ ಬೀಳುವ ಮಳೆಯ ಕಾಲು ಭಾಗವೂ ಇಲ್ಲಿ ಬೀಳುವುದಿಲ್ಲ. ಹಿಂದೆ ಕೆರೆಯ ಕೆಳಗಿನ ತೇವ ಮತ್ತು ತೆರೆದ ಬಾವಿ, ಆಮೇಲೆ ಕೊಳವೆಬಾವಿ, ಕೆಲವು ಕಡೆ ಹೇಮಾವತಿಯ ನಾಲೆ, ಹೀಗೆ ಮನುಷ್ಯರು ಹಟ ಹಿಡಿದು ನಿಲ್ಲಿಸಿದ ಹಸಿರು ಇದು. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬಂತು ಎನ್ನುವ ಮಾತು ಕೇಳದ ಬೇಸಿಗೆಯೇ ಇಲ್ಲ. ಮರಳುಗಾಡಲ್ಲ, ನಿಜ. ಆದರೆ ಮಾರ್ಚಿಯಲ್ಲಿ ನಮ್ಮ ಹಿತ್ತಲಿನ ಕೆಂಪು ಮಣ್ಣನ್ನು ಗುದ್ದಲಿಯಿಂದ ಹೊಡೆದರೆ ಗುದ್ದಲಿಯೇ ಹಿಂದಕ್ಕೆ ನೆಗೆಯುತ್ತದೆ.

ಹೀಗಿರುವಲ್ಲಿ ಗಿಡಕ್ಕೆ ನೀರೆರೆಯುವುದು ಒಂದು ನೈತಿಕ ಸಂಗತಿಯೇ ಆಗಿಬಿಡುತ್ತದೆ. ನಲ್ಲಿ ನೀರು ಮನುಷ್ಯರಿಗೆ, ಗಿಡಕ್ಕೆ ಒಮ್ಮೆ ಬಳಸಿದ ನೀರು ಎಂಬುದು ಈ ಮನೆಗೆ ಬಂದ ಮೊದಲ ತಿಂಗಳು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಅಕ್ಕಿ ತೊಳೆದ ನೀರು ಕರಿಬೇವಿಗೆ. ಸೊಪ್ಪು, ತರಕಾರಿ ತೊಳೆದದ್ದು ಮಲ್ಲಿಗೆಗೆ. ಬಟ್ಟೆ ಜಾಲಿಸಿದ ಕಡೆಯ ನೀರು ತೆಂಗಿನ ಸಸಿಗೆ. ಬಚ್ಚಲ ನೀರು ಕಾಲುವೆ ಹಿಡಿದು ಹೋಗಿ ಬಾಳೆ, ಕೆಸುವಿನ ಬುಡದಲ್ಲಿ ಇಂಗುತ್ತದೆ. ಈ ಸೀಮೆಯಲ್ಲಿ ಕಾಯಿಮಟ್ಟೆಗೆ ಬರವಿಲ್ಲ. ಮಟ್ಟೆಗಳನ್ನು ಬಟ್ಟಲಿನಂತೆ ಅಂಗಾತ ಜೋಡಿಸಿ ಬುಡದಲ್ಲಿ ಹೂತು ಮೇಲೆ ಮಣ್ಣೆಳೆದರೆ ಅದರ ನಾರು, ಪುಡಿ ತನ್ನ ತೂಕದ ಹಲವು ಪಟ್ಟು ನೀರು ಕುಡಿದು ಇಟ್ಟುಕೊಳ್ಳುತ್ತವೆ. ತುರುವೇಕೆರೆ ಕಡೆಯ ನನ್ನ ತವರಿನಲ್ಲಿ ನನ್ನಮ್ಮ ಹೀಗೇ ಮಾಡುತ್ತಿದ್ದಳು. ಇಷ್ಟಾಗಿ ಉಳಿದ ನೀರನ್ನು ಕನಕಾಂಬರಕ್ಕೆ ಹಾಕಿದಾಗ ಯಾರ ಬಾಯಿಂದಲೂ ಕಿತ್ತುಕೊಂಡ ಪಾಪ ನನಗಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಫಿ ಲೋಟ ಹಿಡಿದು ಕೂರುತ್ತೇನೆ. ಕಾದ ನೆಲಕ್ಕೆ ನೀರು ಬಿದ್ದಾಗ ಏಳುವ ವಾಸನೆ, ಸೋಗೆಯ ಸದ್ದು, ದಾಸವಾಳಕ್ಕೆ ಬರುವ ಬೆರಳುದ್ದದ ಹಕ್ಕಿ. ಆ ಅರ್ಧ ಗಂಟೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಇಷ್ಟು ಸುಖಕ್ಕೆ ಮನೆಯ ಪತ್ರ ನನ್ನ ಹೆಸರಿನಲ್ಲಿ ಇರಬೇಕೆ?

ನಮ್ಮ ಬಾಡಿಗೆ ಕರಾರು 11 ತಿಂಗಳದು. ಎಲ್ಲರದೂ ಹೀಗೆಯೇ. ವರ್ಷ ಮೀರುವ ಕರಾರಾದರೆ ನೋಂದಣಿ ಮಾಡಿಸಬೇಕು ಎಂಬ ಕಾರಣಕ್ಕೆ ಹುಟ್ಟಿದ ಲೆಕ್ಕ ಅದು. ಹನ್ನೊಂದು ತಿಂಗಳ ಕರಾರನ್ನು ಮತ್ತೆ ಮತ್ತೆ ಬರೆದು ಒಂಬತ್ತು ವರ್ಷ ಕಳೆದೆವು. ಗಿಡಗಳಿಗೂ ಅವುಗಳದೇ ಕರಾರುಗಳಿವೆ. ಹರಿವೆ ಸೊಪ್ಪು ತಿಂಗಳೊಳಗೆ ಕೈಗೆ ಬರುತ್ತದೆ. ಹೀರೆ, ಸೋರೆಗೆ ಎರಡು ತಿಂಗಳಾದರೂ ಬೇಕು. ನುಗ್ಗೆಯ ಕೊಂಬೆ ನೆಟ್ಟರೆ ಹೆಚ್ಚು ಕಡಿಮೆ ವರ್ಷ. ಅವರೆಯದು ಬೇರೆಯೇ ಸ್ವಭಾವ. ನಾಟಿ ಅವರೆಯನ್ನು ಯಾವಾಗ ಹಾಕಿದರೂ ಹಗಲು ಚಿಕ್ಕದಾಗಿ ಮಾಗಿಯ ಚಳಿ ಹತ್ತಿರವಾಗುವವರೆಗೆ ಅದು ಹೂ ಬಿಡುವುದಿಲ್ಲ. ಗೊಬ್ಬರ ಹಾಕಿ, ಗದರಿಸಿ, ಏನೂ ನಡೆಯದು. ಇನ್ನು ನಮ್ಮ ನಾಟಿ ಎತ್ತರದ ತೆಂಗು ಫಲ ಕೊಡಲು ಏಳೆಂಟು ವರ್ಷ. ಹೊಂಬಾಳೆ ಒಡೆದ ಮೇಲೂ ಕಾಯಿ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು, ಅಂದರೆ ಸರಿಯಾಗಿ ಒಂದು ಬಾಡಿಗೆ ಕರಾರು!

ಅಷ್ಟಕ್ಕೂ ಕಾಯುವುದರಲ್ಲಿ ತಿಪಟೂರಿನವರನ್ನು ಮೀರಿಸುವವರಿಲ್ಲ. ಮದ್ದೂರಿನ ಕಡೆ ಎಳನೀರಿಗೆ ಹೆಸರು, ಇಲ್ಲಿ ಕೊಬ್ಬರಿಗೆ. ಬಲಿತ ಕಾಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳು, ವರ್ಷ ಬಿಡುತ್ತಾರೆ. ಒಳಗಿನ ನೀರು ತಾನೇ ಆರಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ. ಅದೇ ಉಂಡೆ ಕೊಬ್ಬರಿ. ಒಳ್ಳೆಯ ಧಾರಣೆ ಬರಲೆಂದು ಇನ್ನಷ್ಟು ದಿನ ಅಟ್ಟದಲ್ಲೇ ಇಟ್ಟವರೂ ಉಂಟು. ತವರಿನಲ್ಲಿ ಮಕ್ಕಳು ಎಳನೀರು ಕೇಳಿದರೆ ದೊಡ್ಡವರು “ಅದು ಕೊಬ್ಬರಿಯಾಗೋ ಕಾಯಿ” ಎಂದು ಗದರುತ್ತಿದ್ದುದು ನೆನಪಿದೆ. ತೋಟ ಮಾಡುವವರಿಗೆ ಅದು ಬದುಕಿನ ಲೆಕ್ಕ, ತಪ್ಪೆನ್ನಲಾರೆ. ಆದರೆ ಆ ಲೆಕ್ಕವನ್ನು ನಾವು ಹೆಂಗಸರು ನಮ್ಮ ಸುಖಕ್ಕೂ ಹಚ್ಚಿಕೊಂಡುಬಿಟ್ಟಿದ್ದೇವೆ. ಸ್ವಂತ ಮನೆ ಆದ ಮೇಲೆ ಮಲ್ಲಿಗೆ ಹಾಕೋಣ, ಮಗಳ ಮದುವೆ ಮುಗಿದ ಮೇಲೆ ಯಾತ್ರೆಗೆ ಹೋಗೋಣ, ಇವರಿಗೆ ನಿವೃತ್ತಿಯಾಗಲಿ ಆಮೇಲೆ ನೋಡೋಣ. ಎಲ್ಲವೂ ಅಟ್ಟದ ಮೇಲೆ. ನನ್ನ ಓರಗೆಯ ಎಷ್ಟು ಜನರ ಅಟ್ಟ ಹಾಗೆಯೇ ಉಳಿದುಹೋಯಿತು!

ಅದಕ್ಕೇ, ಬಿಟ್ಟುಹೋಗುವುದನ್ನು ಇದ್ದಷ್ಟು ದಿನ ಮನಸಾರೆ ಅನುಭವಿಸಬೇಕು ಎನ್ನುವ ಪಕ್ಷ ನನ್ನದು. ಆದರೆ ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನೂ ನೋಡಬೇಕಾಗುತ್ತದೆ.

ತವರಿನಿಂದ ಗಂಡನ ಮನೆಗೆ, ಅಲ್ಲಿಂದ ವರ್ಗವಾದ ಊರುಗಳಿಗೆ, ಕಡೆಗೆ ಮಕ್ಕಳ ಮನೆಗೆ ಹೀಗೆ ಹೋಗುತ್ತಲೇ ಇರುವ ಹೆಣ್ಣಿಗೆ ಯಾವ ಹಿತ್ತಲು ತಾನೆ ತನ್ನದು? ಆದರೂ ಹೋದಲ್ಲೆಲ್ಲ ಒಂದು ತುಳಸಿ, ಒಂದು ದೊಡ್ಡಪತ್ರೆ ಚಿಗುರಿಸಿದವಳು ಅವಳೇ. ಹೆಣ್ಣುಮಕ್ಕಳ ಮಡಿಲಿಗೆ ತೆಂಗಿನಕಾಯಿ ಬೀಳುತ್ತದೆ, ತೆಂಗಿನ ಮರ ಬೀಳುವುದಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಇಡೀ ದೇಶಕ್ಕೆ 2005ರಲ್ಲಿ. ಅದಾದ ಮೇಲೂ ನನ್ನ ಚಿಕ್ಕಮ್ಮ ಅಣ್ಣತಮ್ಮಂದಿರು ಹಿಡಿದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದರು. “ತೋಟ ಅವರೇ ಇಟ್ಕಳ್ಳಿ ಕಣೇ, ವರ್ಷಕ್ಕೊಂದು ಮೂಟೆ ಕಾಯಿ ಕಳಿಸ್ತಾರೆ, ತವರಿನ ಬಾಗಿಲು ತೆರೆದಿರುತ್ತೆ, ಸಾಕು” ಎಂದರು. ಎರಡು ವರ್ಷ ಕಾಯಿ ಬಂತು. ಮೂರನೆಯ ವರ್ಷ ಧಾರಣೆ ಚೆನ್ನಾಗಿತ್ತಂತೆ, ಬರಲಿಲ್ಲ.

ಒಡೆತನ ಬೇಡ, ಅನುಭವ ಸಾಕು ಎನ್ನುವುದು ಬಲು ಚೆಂದದ ಮಾತು. ಒಡೆತನ ಇಟ್ಟುಕೊಂಡವರಿಗೆ ಇನ್ನೂ ಚೆಂದದ ಮಾತು. ನಾನು ಹಿತ್ತಲಿನ ಸುಖದ ಬಗ್ಗೆ ಹೇಳುತ್ತಿರುವುದು ಚಿಕ್ಕಮ್ಮನ ತೋಟಕ್ಕೆ ಸಮಾಧಾನವಾಗಿ ಅಲ್ಲ. ಪಾಲು ಪಾಲೇ, ಅದನ್ನು ಕೇಳಿ ಪಡೆಯಬೇಕು. ಪತ್ರ ಕೈಗೆ ಬರುವವರೆಗೆ ಮಣ್ಣು ಮುಟ್ಟುವುದಿಲ್ಲ ಎಂದು ಕೂತರೆ ಮಾತ್ರ ಎರಡೂ ಕಡೆ ನಷ್ಟ ನಮಗೇ.

ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಮದುವೆಯಾಗಿ ಹೋದ ಸಾಲುಮರದ ತಿಮ್ಮಕ್ಕ ನಿಮಗೆಲ್ಲ ಗೊತ್ತು. 2025ರ ನವೆಂಬರಿನಲ್ಲಿ ತೀರಿಕೊಂಡರು. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಗಂಡ ಚಿಕ್ಕಯ್ಯನವರ ಜೊತೆ ನೀರು ಹೊತ್ತು ಬೆಳೆಸಿದ ಆಲದ ಮರಗಳು 385. ಮಕ್ಕಳಿಲ್ಲದ ದುಃಖಕ್ಕೆ ಮರಗಳನ್ನು ಮಕ್ಕಳಂತೆ ಬೆಳೆಸಿದರು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಆಶ್ಚರ್ಯವೆನಿಸುವುದು ಬೇರೆ: ರಸ್ತೆ ಅವರದ್ದಾಗಿರಲಿಲ್ಲ. ಸ್ವಂತ ಹೊಲದ ಬದುವಿನಲ್ಲಿ ನೆಟ್ಟಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಯಾರದೂ ಅಲ್ಲದ ಜಾಗಕ್ಕೆ ಕೊಡ ಹೊತ್ತು ನಡೆಯುವಾಗ ಎಷ್ಟು ಜನ ನಮ್ಮ ಅಜ್ಜಿಯ ಪ್ರಶ್ನೆಯನ್ನೇ ಕೇಳಿರಬೇಕು!

ನನ್ನ ತಂಗಿಯ ಮಗಳು ದುಬೈನಲ್ಲಿದ್ದಾಳೆ. ಅದು ನಿಜವಾದ ಮರಳುಗಾಡಿನ ಊರು. ಕುಡಿಯುವ ನೀರು ಸಮುದ್ರದಿಂದ ಉಪ್ಪು ತೆಗೆದು ಬರುವಂಥದ್ದು. ಬೇಸಿಗೆಯಲ್ಲಿ ಗಿಡ ಸುಟ್ಟುಹೋಗುವುದರಿಂದ ಅಲ್ಲಿ ಬೀಜ ಹಾಕುವುದು ಅಕ್ಟೋಬರಿನಲ್ಲಂತೆ. ಬಾಲ್ಕನಿಯಲ್ಲಿ ಬಸಳೆ, ಕರಿಬೇವು ಬೆಳೆಸಿದ್ದಾಳೆ. ಕೆಲಸ ಮುಗಿದ ದಿನ ಊರಿಗೆ ಹೊರಡಲೇಬೇಕು, ಎಷ್ಟು ವರ್ಷ ದುಡಿದರೂ ಅಲ್ಲಿಯವರಾಗುವುದಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅವಳ ಕರಿಬೇವಿನ ಕುಂಡ ಹಿಂದಿರುಗಿದ ಮಲಯಾಳಿ ಹೆಂಗಸೊಬ್ಬಳು ಬಿಟ್ಟುಹೋದದ್ದು. ಅವಳಿಗೂ ಅದು ಇನ್ನೊಬ್ಬರಿಂದ ಬಂದದ್ದಂತೆ. “ಇದನ್ನ ಮೊದಲು ತಂದೋರು ಯಾರೋ ಗೊತ್ತಿಲ್ಲ ದೊಡ್ಡಮ್ಮ, ನಾನು ಹೊರಡುವಾಗ ಎದುರು ಮನೆಯವಳಿಗೆ ಅಂತ ಈಗಲೇ ಹೇಳಿಟ್ಟಿದೀನಿ” ಎಂದಳು ಫೋನಿನಲ್ಲಿ.

ನಾವು ಹೋಗುತ್ತಿರುವುದು ಬೆಂಗಳೂರಿಗೆ, ಮಗನ ಮನೆಗೆ, ನಾಲ್ಕನೆಯ ಮಹಡಿ. ಹೊರಡುವ ದಿನ ಹತ್ತಿರವಾದಂತೆ ವಕೀಲಿಕೆ ಮಾಡುವ ನೆಂಟರೊಬ್ಬರು ತಮಾಷೆಗೆ ಒಂದು ಸಂಗತಿ ತಿಳಿಸಿದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಬಾಡಿಗೆದಾರ ತಾನು ನೆಲಕ್ಕೆ ನೆಟ್ಟದ್ದನ್ನು ಬಿಟ್ಟುಹೋಗುವ ಮೊದಲು ತೆಗೆದುಕೊಂಡು ಹೋಗಬಹುದಂತೆ. ಅವಧಿ ಗೊತ್ತುಪಡಿಸದ ಬಾಡಿಗೆಯಾದರೆ ತಾನು ಬಿತ್ತಿದ ಬೆಳೆಯನ್ನು ಆಮೇಲೆ ಬಂದು ಕೊಯ್ದುಕೊಂಡು ಹೋಗುವ ಹಕ್ಕೂ ಉಂಟಂತೆ. ಬ್ರಿಟಿಷರ ಕಾಲದ ಕಾನೂನು ನನ್ನ ಅವರೆಕಾಯಿಯನ್ನು ನೆನಪಿಟ್ಟುಕೊಂಡಿದೆಯಲ್ಲ ಎಂದು ನಗು ಬಂತು. ಎಂಟು ವರ್ಷದ ತೆಂಗನ್ನು ಬೇರುಸಹಿತ ಕಿತ್ತು ಬೆಂಗಳೂರಿನ ರೈಲು ಹತ್ತುವ ನನ್ನ ಚಿತ್ರ ಕಣ್ಣ ಮುಂದೆ ಬಂದು ಇನ್ನೂ ನಗು ಬಂತು. ನಕ್ಕರೂ ಒಳಗೆಲ್ಲೋ ಒಂದು ಗೌರವ ಹುಟ್ಟಿತೆನ್ನಿ. ನೆಟ್ಟವರಿಗೂ ಏನೋ ಒಂದು ಸಲ್ಲಬೇಕು ಎಂದು ಆ ಕಾಯ್ದೆ ಬರೆದವರಿಗೂ ಅನ್ನಿಸಿತ್ತಲ್ಲ.

ಆ ತೆಂಗಿಗೆ ಈ ವರ್ಷ ಮೊದಲ ಹೊಂಬಾಳೆ ಒಡೆದಿದೆ. ಕಾಯಿ ಬಲಿಯುವಾಗ ನಾವಿರುವುದಿಲ್ಲ. ಮಲ್ಲಿಗೆಯ ಕಡ್ಡಿಗಳನ್ನು ಅಜ್ಜಿಗೆ ಕೊಟ್ಟಾಯಿತು. ಅವರು “ನಂಗ್ಯಾಕವ್ವ ಈ ವಯಸ್ನಾಗೆ” ಎನ್ನುತ್ತಲೇ ನೀರಿನ ತೊಟ್ಟಿಯ ಪಕ್ಕ ನೆಟ್ಟುಕೊಂಡಿದ್ದಾರೆ. ಮನೆಯ ಮಾಲೀಕರು ಬಾಡಿಗೆ ಲೆಕ್ಕ ಚುಕ್ತಾ ಮಾಡಲು ಬಂದಾಗ ಹಿತ್ತಲಿಗೆ ಕರೆದುಕೊಂಡು ಹೋಗಿ ತೆಂಗು ತೋರಿಸಿದೆ. “ಕಾರು ನಿಲ್ಲಿಸೋಕೆ ಮುಂದಿನ ಕಡೆ ಜಾಗ ಇದೆ, ಇದನ್ನ ಮಾತ್ರ ಕಡಿಸಬೇಡಿ. ಮೊದಲ ಕಾಯಿ ನಿಮ್ಮ ಮನೆದೇವರಿಗೆ ಒಡೀರಿ” ಎಂದೆ. ಅವರು ಮರದ ನೆತ್ತಿಯನ್ನು ನೋಡಿದರು, ಕಾಂಪೌಂಡನ್ನು ನೋಡಿದರು, ಕಣ್ಣಲ್ಲೇ ಅಳತೆ ಹಾಕಿದರು.

“ನೋಡಾನ ತಗಳಿ ಅಮ್ಮಾ” ಎಂದರು.

ಅವರೆ ಈಗ ಹೂವಿಗೆ ಬಂದಿದೆ. ಇಂದು ಬಚ್ಚಲ ಕಾಲುವೆಯನ್ನು ಅದರ ಕಡೆ ತಿರುಗಿಸಬೇಕು.