‘ಸ್ವಲ್ಪ ನೋಡಪ್ಪ’ ಎನ್ನುವ ಮುನ್ನ



ಮೇ 1 ಕಾರ್ಮಿಕರಾದ ಸಂತ ಜೋಸೆಫರ ಹಬ್ಬ. ಜಗದ್ಗುರು ಹನ್ನೆರಡನೇ ಪಿಯುಸ್‌ರವರು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದರು. ಅಂದು ನಾವು ದುಡಿಯುವ ಕೈಗಳಿಗಾಗಿ ಪ್ರಾರ್ಥಿಸುತ್ತೇವೆ. ಈ ಬಾರಿ ಪ್ರಾರ್ಥನೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಕರೆಂಟ್ ಕೆಲಸ ಕಲಿಯದ ಒಬ್ಬ, ನಮ್ಮ ಮಾತು ಮೀರಲಾಗದೆ ವೈರ್ ಮುಟ್ಟಿ ಪ್ರಾಣ ಕಳೆದುಕೊಂಡರೆ, ಆ ತಪ್ಪು ಅವನದೋ, ನಮ್ಮದೋ?

ಹೊಸೂರಿನ ಸುತ್ತ ನಮ್ಮವರು ಕಾರ್ಖಾನೆಗಳಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯುತ್ತಾರೆ. ಗುಲಾಬಿ ತೋಟ, ಹೋಟೆಲ್, ಗಾರೆ ಕೆಲಸ, ಪೇಂಟಿಂಗ್ ಎಂದು ಹೋಗುವವರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಎಲೆಕ್ಟ್ರಿಷಿಯನ್‌ಗಳಲ್ಲ. ಆದರೂ ಮೋಟಾರ್ ನಿಂತ ದಿನ, ಗ್ರೈಂಡರ್ ಮುಟ್ಟಿದರೆ ‘ಜುಮ್’ ಎನ್ನುವ ದಿನ, ಹತ್ತಿರ ಇದ್ದವನಿಗೇ ಮಾತು ಬರುತ್ತದೆ: ‘ಕೊಂಜಂ ಪಾರಪ್ಪಾ.’ ತಮಿಳಿನಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ ಅರ್ಥ ಒಂದೇ. ತಿಳಿದವರನ್ನು ಕರೆಸಿದರೆ ದುಡ್ಡೂ ಹೊತ್ತೂ ಖರ್ಚು, ನೀನೇ ಏನಾದರೂ ಮಾಡು.

ನಾನು ಬಿ.ಎಸ್ಸಿ. ಓದಿದವನು, ಎಲೆಕ್ಟ್ರಿಷಿಯನ್ ಅಲ್ಲ. ಲೆಕ್ಕ ಮಾತ್ರ ಹೇಳಬಲ್ಲೆ. ನಮ್ಮ ಮನೆಗೆ ಬರುವ ಕರೆಂಟ್ 230 ವೋಲ್ಟ್. ಮೈ, ಕೈ ಒದ್ದೆಯಿದ್ದಾಗ ದೇಹದ ತಡೆಯನ್ನು ಸುಮಾರು 1000 ಓಮ್ ಎಂದು ಹಿಡಿದರೆ, ದೇಹದಲ್ಲಿ ಹರಿಯುವುದು ಸುಮಾರು 230 ಮಿಲಿ ಆಂಪಿಯರ್. ಹತ್ತು ಹದಿನೈದು ಮಿಲಿ ಆಂಪಿಯರ್ ಹರಿದರೇ ಕೈಯ ಸ್ನಾಯುಗಳು ಬಿಗಿದು, ಹಿಡಿದ ವೈರನ್ನು ಬಿಡಲಾಗದಂತೆ ಆಗಬಹುದು. ಅದಕ್ಕಿಂತ ಹೆಚ್ಚಾದರೆ ಹೃದಯದ ಬಡಿತವೇ ದಾರಿ ತಪ್ಪುತ್ತದೆ. ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್ ಉರಿಯಲು ಸುಮಾರು 40 ಮಿಲಿ ಆಂಪಿಯರ್ ಬೇಕು. ಮನುಷ್ಯನನ್ನು ಕೊಲ್ಲಲು ಅಷ್ಟೂ ಸಾಕಾಗಬಹುದು.

‘ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತದೆ’ ಎಂಬ ಧೈರ್ಯ ಹಲವರಿಗೆ. ಆದರೆ 6 ಅಥವಾ 16 ಆಂಪಿಯರ್‌ನ ಎಂಸಿಬಿ ಇರುವುದು ವೈರ್ ಸುಟ್ಟುಹೋಗದಂತೆ ಕಾಯಲು. ಕಾಲು ಆಂಪಿಯರ್‌ಗೆ ಅದು ಕದಲುವುದಿಲ್ಲ. ಮನುಷ್ಯನನ್ನು ಕಾಯಲೆಂದೇ ಮಾಡಿದ್ದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಅದೂ ಎಲ್ಲ ಸಂದರ್ಭಕ್ಕೂ ಆಗಿಬರುವುದಿಲ್ಲ. ಒಂದು ಕೈ ಫೇಸ್ ಮೇಲೆ, ಇನ್ನೊಂದು ಕೈ ನ್ಯೂಟ್ರಲ್ ಮೇಲೆ ಬಿದ್ದರೆ ಅದಕ್ಕೆ ತಿಳಿಯುವುದೇ ಇಲ್ಲ. ಇನ್ನು ಸ್ವಿಚ್ ಆಫ್ ಮಾಡಿ ಬಲ್ಬ್ ಹೋಲ್ಡರ್ ಬಿಚ್ಚುತ್ತೇವೆ. ವೈರಿಂಗ್ ಮಾಡಿದವರು ಸ್ವಿಚ್ಚನ್ನು ತಪ್ಪಿ ನ್ಯೂಟ್ರಲ್‌ಗೆ ಕೊಟ್ಟಿದ್ದರೆ, ದೀಪ ಆರಿದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಪ್ರಶ್ನೆ ನೈತಿಕವಾಗುವುದು ಇಲ್ಲೇ. ಬಾವಿ ಆಳ ಎಂದು ಕಣ್ಣಿಗೆ ಕಾಣುತ್ತದೆ, ಬೆಂಕಿ ದೂರದಿಂದಲೇ ಬಿಸಿ ತಾಗಿಸುತ್ತದೆ. ಕರೆಂಟ್ ಇರುವ ವೈರ್ ಇಲ್ಲದ ವೈರ್‌ನಂತೆಯೇ ಕಾಣುತ್ತದೆ. ಕಲಿಯದವನಿಗೆ ತಾನು ಎಷ್ಟು ದೊಡ್ಡ ಅಪಾಯಕ್ಕೆ ಕೈ ಹಾಕುತ್ತಿದ್ದೇನೆ ಎಂಬುದೇ ತಿಳಿಯದು. ತಪ್ಪಿನ ಭಾರವನ್ನು ಅರಿವು ಮತ್ತು ಸ್ವಾತಂತ್ರ್ಯ ಎರಡರಿಂದಲೂ ಅಳೆಯಬೇಕು ಎಂದು ಧರ್ಮೋಪದೇಶ ತರಗತಿಯಲ್ಲಿ ಕಲಿತಿದ್ದೇವೆ. ದಿನಗೂಲಿಯವನಿಗೆ ಅರಿವು ಇಲ್ಲ. ಸ್ವಾತಂತ್ರ್ಯವೂ ಅಷ್ಟಕ್ಕಷ್ಟೆ. ‘ಆಗಲ್ಲ’ ಎಂದರೆ ನಾಳೆ ಕೆಲಸ ಇರುತ್ತದೋ ಇಲ್ಲವೋ. ಕಳುಹಿಸಿದವನು ‘ನನಗೂ ಗೊತ್ತಿರಲಿಲ್ಲ’ ಎನ್ನಬಹುದು. ಆದರೆ ಒಂದು ಫೋನ್ ಮಾಡಿ ಕೇಳಿದ್ದರೆ ಗೊತ್ತಾಗುತ್ತಿತ್ತು. ತಿಳಿದುಕೊಳ್ಳಬಹುದಾಗಿದ್ದೂ ತಿಳಿದುಕೊಳ್ಳದ ಅಜ್ಞಾನ ನೆಪವಾಗಲಾರದು.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಒಂದು ಚಿಕ್ಕ ವಿಧಿಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತ ಕೈಪಿಡಿಗೋಡೆ ಕಟ್ಟಬೇಕು. ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ. ಬಿದ್ದವನು ನೋಡಿಕೊಂಡು ನಡೆಯಬೇಕಿತ್ತು ಎಂದು ದೇವರು ಅಲ್ಲಿ ವಾದಿಸುವುದಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2269ನೇ ಪರಿಚ್ಛೇದದಲ್ಲಿ, ಗಂಭೀರ ಕಾರಣವಿಲ್ಲದೆ ಇನ್ನೊಬ್ಬರನ್ನು ಪ್ರಾಣಾಪಾಯಕ್ಕೆ ಒಡ್ಡುವುದನ್ನು ಐದನೇ ಆಜ್ಞೆಯಡಿಯಲ್ಲೇ ನಿಷೇಧಿಸುತ್ತದೆ. ಕೊಲ್ಲಬಾರದು ಎಂಬ ಆಜ್ಞೆ ಸ್ವಿಚ್‌ಬೋರ್ಡಿಗೂ ಅನ್ವಯಿಸುತ್ತದೆ.

‘ದೇವರು ಕಾಪಾಡುತ್ತಾನೆ ಬಿಡಿ’ ಎನ್ನುವವರುಂಟು. ದೇವಾಲಯದ ತುದಿಯಿಂದ ಧುಮುಕು, ದೂತರು ಎತ್ತಿ ಹಿಡಿಯುತ್ತಾರೆ ಎಂದು ಸೈತಾನನೂ ಪ್ರಭು ಯೇಸುವಿಗೆ ಹೇಳಿದ್ದ. ಪ್ರಭು ಧುಮುಕಲಿಲ್ಲ, ಅದನ್ನು ದೇವರನ್ನು ಪರೀಕ್ಷಿಸುವುದು ಎಂದು ಕರೆದರು.

ಇನ್ನೊಂದು ಆಕ್ಷೇಪಕ್ಕೆ ಬಲವಿದೆ. ಬಡವರ ಮನೆಗೆ ಎಲೆಕ್ಟ್ರಿಷಿಯನ್ ಕರೆಸಲು ಹಣ ಎಲ್ಲಿದೆ? ಇದು ನಿಜ. ಆದ್ದರಿಂದಲೇ ಇದು ಒಬ್ಬೊಬ್ಬರ ಪ್ರಶ್ನೆಯಾಗಿ ಉಳಿಯಬಾರದು. ಕಾಯಿಲೆ ಬಿದ್ದವರಿಗೆ ಸಹಾಯ ಮಾಡುವ ಸಂಘಗಳು ನಮ್ಮಲ್ಲಿವೆ. ಹರಿದ ವೈರ್, ಅರ್ಥ್ ಇಲ್ಲದ ಮನೆ ಇವೂ ಕಾಯಿಲೆಯೇ. ಧರ್ಮಕೇಂದ್ರದಲ್ಲಿ ಕೆಲಸ ಬಲ್ಲ ಒಬ್ಬಿಬ್ಬರು ತಿಂಗಳಿಗೊಂದು ಭಾನುವಾರ ಕೊಟ್ಟರೆ ಅದೂ ಕರುಣೆಯ ಕಾರ್ಯ.

ಕರೆಂಟ್ ಹಿಡಿದು ಒಬ್ಬರು ಒದ್ದಾಡುತ್ತಿದ್ದರೆ ಪ್ರೀತಿ ಹೇಳುವುದು ಓಡಿಹೋಗಿ ಹಿಡಿ ಎಂದು. ಹಿಡಿದರೆ ಎರಡು ಜೀವ ಹೋಗುತ್ತವೆ. ಮೊದಲು ಮೇನ್ ಆಫ್ ಮಾಡಿ. ಅದು ಆಗದಿದ್ದರೆ, ಮನೆಯ ಕರೆಂಟ್ ಆದರೆ ಮಾತ್ರ, ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ವೈರ್ ಸರಿಸಿ. ಕಂಬದ ಲೈನ್ ಆದರೆ ಹತ್ತಿರವೇ ಹೋಗಬೇಡಿ, ವಿದ್ಯುತ್ ಕಚೇರಿಗೆ ತಿಳಿಸಿ ಲೈನ್ ನಿಲ್ಲಿಸಿ. ಬಿಡಿಸಿದ ಮೇಲೆ ಉಸಿರಾಟ ನೋಡಿ, 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಒತ್ತುತ್ತಲೇ ಇರಿ. ನೆರೆಯವನ ಮೇಲಿನ ಪ್ರೀತಿಗೆ ತಿಳಿವಳಿಕೆಯೂ ಜೊತೆಯಾಗಬೇಕು.

ನಮ್ಮ ಹಬ್ಬಗಳನ್ನೂ ನೆನೆಯೋಣ. 2025ರ ಮಾರ್ಚ್ ಆರಂಭದಲ್ಲಿ ಕನ್ಯಾಕುಮಾರಿ ಜಿಲ್ಲೆಯ ಇನಯಂ ಪುತ್ತನ್‌ತುರೈಯಲ್ಲಿ ಚರ್ಚ್ ಹಬ್ಬದ ತಯಾರಿಯ ವೇಳೆ ಕಬ್ಬಿಣದ ಏಣಿ ವಿದ್ಯುತ್ ಲೈನಿಗೆ ತಗುಲಿ ನಾಲ್ವರು ತೀರಿಹೋದರು. ನಮ್ಮಲ್ಲೂ ಸೀರಿಯಲ್ ಸೆಟ್ ಕಟ್ಟಲು, ಪೆಂಡಾಲ್‌ಗೆ ಪೈಪ್ ನಿಲ್ಲಿಸಲು, ತೇರಿನ ದಾರಿಯಲ್ಲಿ ತಂತಿ ಎತ್ತಿ ಹಿಡಿಯಲು ಮೊದಲು ಕೂಗುವುದು ಯುವಕರನ್ನೇ. ಅವರು ಖುಷಿಯಿಂದಲೇ ಬರುತ್ತಾರೆ, ಹಿರಿಯರಿಗೆ ಇಲ್ಲ ಎನ್ನುವುದಿಲ್ಲ. ಅದಕ್ಕೇ ಹಿರಿಯರಲ್ಲಿ ನನ್ನ ಬಿನ್ನಹ: ‘ನನಗೆ ಬರಲ್ಲ, ಮುಟ್ಟಲ್ಲ’ ಎಂದ ಹುಡುಗನನ್ನು ಪುಕ್ಕಲ ಎನ್ನಬೇಡಿ. ಅವನು ಸತ್ಯ ಹೇಳಿದ್ದಾನೆ, ಜೀವ ಉಳಿಸಿದ್ದಾನೆ.

ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ತಮಿಳಿನಲ್ಲಿ ‘ಅಬಾಯಂ’ ಎಂದು ಬರೆದಿರುತ್ತದೆ. ಅದು ನಮ್ಮ ‘ಅಪಾಯ’ವೇ. ಅಕ್ಷರ ಓದಲು ಬಾರದವರಿಗೂ ಇದನ್ನು ಹೇಳಿಕೊಡಿ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳಿಗೂ ಕ್ಷಮೆ ಕೇಳುತ್ತೇವೆ. ಮುಂದಿನ ಭಾನುವಾರ ಎದೆ ಬಡಿದುಕೊಳ್ಳುವಾಗ, ನಾವು ಯಾರನ್ನು ಯಾವ ವೈರಿನ ಬಳಿಗೆ ಕಳುಹಿಸಿದ್ದೇವೆ ಎಂಬುದೂ ನೆನಪಿಗೆ ಬರಲಿ.